ಗೆಳೆಯ ತೋಟ ಮಾರುತ್ತೇನೆ ಅಂತಿದ್ದಾನೆ. ನಾನು ಏನು ಹೇಳಲಿ?

ತೋಟದಂಚಿನವ (ತೀರ್ಥಹಳ್ಳಿ ತಾಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಇವತ್ತು ನಾನು ಊರಲ್ಲಿದ್ದೇನೆ, ಕೈಯಲ್ಲಿ ಅಡಿಕೆ ತೋಟ ಇದೆ, ಅಮ್ಮ ಕೊನೇತನಕ ತನ್ನ ಮನೆಯಲ್ಲೇ ಇದ್ದು ಹೋದಳು. ಇದಕ್ಕೆಲ್ಲ ಕಾರಣ ಒಬ್ಬ ಗೆಳೆಯ. ಹೆಸರು ಬೇಡ. ಐದನೇ ಕ್ಲಾಸಿನಿಂದ ಜೊತೆಗಿದ್ದವನು. ಹಳ್ಳದ ಆಚೆ ಅವರ ಮನೆ, ಈಚೆ ನಮ್ಮದು. ಮಳೆಗಾಲದಲ್ಲಿ ಅಡಿಕೆ ದಬ್ಬೆ ಹಾಸಿದ ಸಂಕ, ಅಂದರೆ ಕಾಲುಸೇತುವೆ, ದಾಟುವಾಗ ಅವನು ಮುಂದೆ, ನಾನು ಹಿಂದೆ. ಅಡಿಕೆ ದಬ್ಬೆ ಜಾರುತ್ತದೆ ಅಂತ ನನಗೆ ಭಯ. ಅವನು ಹಿಂದೆ ತಿರುಗಿ ನೋಡುತ್ತಿರಲಿಲ್ಲ, ಆದರೆ ನನ್ನ ಹೆಜ್ಜೆ ಆಚೆ ದಡ ಮುಟ್ಟುವವರೆಗೆ ಮುಂದಕ್ಕೂ ಹೋಗುತ್ತಿರಲಿಲ್ಲ.

ಡಿಪ್ಲೊಮಾ ಮುಗಿಸಿ ನಾನು ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದೆ. ಅವನು ಊರಲ್ಲೇ ಉಳಿದ. ಒಂದು ಆಷಾಢದಲ್ಲಿ ಅಪ್ಪ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟರು. ಕಾರ್ಯ ಮುಗಿಯುವ ಮೊದಲೇ ನೆಂಟರಲ್ಲಿ ಮಾತು ಶುರು. ತೋಟ ನೋಡುವವರು ಯಾರು, ಅಮ್ಮ ಒಬ್ಬಳೇ ಹೇಗೆ ಇರುತ್ತಾಳೆ, ಕೊಳೆ ರೋಗ ಬಂದು ಹಾಳಾಗುವ ಮೊದಲು ಮಾರಿಬಿಡಿ ಅಂತ. ಒಬ್ಬರು ಮುಂಗಡ ಹಣ ಜೇಬಲ್ಲಿಟ್ಟುಕೊಂಡೇ ಬಂದು ಜಗಲಿಯಲ್ಲಿ ಕೂತಿದ್ದರು. ನನಗೂ ಅದೇ ಸರಿ ಅನಿಸಿತ್ತು. ನನಗೆ ಆಗ ಕೊಳೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸುವುದಕ್ಕೂ ಸರಿಯಾಗಿ ಬರುತ್ತಿರಲಿಲ್ಲ.

ಗೆಳೆಯ ಬಂದ. ನನ್ನನ್ನು ಕೊಟ್ಟಿಗೆ ಹಿಂದೆ ಕರೆದುಕೊಂಡು ಹೋಗಿ ಒಂದೇ ಮಾತು ಹೇಳಿದ. "ಎಂಥ ಅವಸರ ಮಾರಾಯ? ಈ ವರ್ಷದ ಕೊಯ್ಲು ಮುಗೀಲಿ. ಅಲ್ಲಿವರೆಗೆ ನಾ ನೋಡ್ಕೊಳ್ತೀನಿ. ಆಮೇಲೆ ಕೂತು ಲೆಕ್ಕ ಮಾಡೋಣ."

ಹೇಳಿದ ಹಾಗೇ ಮಾಡಿದ. ಮಳೆ ಬಿಟ್ಟು ಹೊಳವಾದ ದಿನ ಔಷಧಿ ಹೊಡೆಸಿದ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರನನ್ನು ಹುಡುಕಿ ತಂದ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲ ನಿಂತು ಮಾಡಿಸಿದ. ನಾನು ಶನಿವಾರ ರಾತ್ರಿ ಬಸ್ಸು ಹಿಡಿದು ಬಂದರೆ ನನ್ನನ್ನೂ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರಿಸುತ್ತಿದ್ದ. ಮಂಡಿಗೆ ಅಡಿಕೆ ಹಾಕಿ ಬಂದ ಮೇಲೆ ಒಂದು ಶಾಲೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟ. ಮೈಲುತುತ್ತಕ್ಕೆ ಇಷ್ಟು, ಸುಣ್ಣ, ರಾಳ, ಕೊನೆಗಾರನ ಕೂಲಿ, ಸುಲಿದವರ ಕೂಲಿ, ಸೌದೆ, ಜೀಪ್ ಬಾಡಿಗೆ. ಎಲ್ಲ ತಾರೀಕು ಹಾಕಿ ಬರೆದಿದ್ದ. ತಾನು ಕೆಲಸ ಮಾಡಿದ ದಿನಗಳ ಎದುರು ದುಡ್ಡಿನ ಜಾಗದಲ್ಲಿ "ಮುಯ್ಯಿ" ಅಂತ ಬರೆದಿದ್ದ. ಅಂದರೆ ದಾನ ಅಲ್ಲ. ನಾನು ಅವನ ತೋಟದಲ್ಲಿ ಅಷ್ಟೇ ದಿನ ದುಡಿದು ತೀರಿಸಬೇಕು.

ಖರ್ಚು ಕಳೆದು ಉಳಿದದ್ದು ನೋಡಿದ ಮೇಲೆ ನಾನು ಮಾರಲಿಲ್ಲ. ಮುಂದಿನ ವರ್ಷ ಪೀಣ್ಯ ಬಿಟ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಅವನ ತೋಟಕ್ಕೆ ಎಲೆಚುಕ್ಕಿ ರೋಗ ಜೋರಾಗಿ ಬಂದಿದೆ. ಹೋದ ವಾರ ಅವನೇ ಹೇಳಿದ, ಗಿರಾಕಿ ನೋಡ್ತಿದ್ದೇನೆ, ಮಾರಿ ಶಿವಮೊಗ್ಗದಲ್ಲಿ ಒಂದು ಮನೆ ತಗೊಳ್ತೇನೆ ಅಂತ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಅವನು ನನ್ನ ಬದುಕನ್ನು ಈ ಕಡೆ ತಿರುಗಿಸಿದವನು. ಈಗ ಅವನನ್ನು ತಡೆಯುವುದು ನನ್ನ ಕರ್ತವ್ಯವಾ, ಅಥವಾ ಅವನ ಮನೆ ವಿಷಯದಲ್ಲಿ ತಲೆ ಹಾಕಿದ ಹಾಗಾಗುತ್ತದಾ? ಹಳೇ ಗೆಳೆಯರಿಂದ ಬದುಕಿನ ದಾರಿ ಬದಲಾದವರು ನಿಮ್ಮಲ್ಲೂ ಇರುತ್ತೀರಿ. ನಿಮ್ಮ ಅನುಭವ ಹೇಳಿ.

ನಗರ ಹೋಬಳಿಯವ

ನೇರವಾಗಿ ಹೇಳಿಬಿಡಿ ಅಣ್ಣ, ಮಾರಬೇಡ ಅಂತ. ನಮ್ಮ ಕಡೆ ಎಲೆಚುಕ್ಕಿ ಹೆದರಿಕೆಗೆ ಮಾರಿದವರು ಈಗ ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆ. ಹೊಸದಾಗಿ ಗಿಡ ಹಾಕಿದರೆ ಫಸಲು ನೋಡುವುದಕ್ಕೇ 5-6 ವರ್ಷ ಬೇಕು. ಕೊಟ್ಟ ತೋಟ ವಾಪಸ್ ಬರುವುದಿಲ್ಲ. ನೀವಲ್ಲದೆ ಇನ್ಯಾರು ಹೇಳಬೇಕು?

ಸಾಗರದ ಟೀಚರ್

ನಿಮ್ಮ ಬರಹ ಓದಿ ನನ್ನ ಗೆಳತಿ ನೆನಪಾದಳು. ಅವಳ ಬಗ್ಗೆ ನಾನು ಎಲ್ಲೂ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ.

ನಾನು ಹುಟ್ಟಿದ್ದು ಕರೂರು ಹೋಬಳಿಯಲ್ಲಿ, ತುಮರಿ ಹತ್ತಿರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮ್ಮ ಕಡೆಯವರಿಗೆ ಸಾಗರ ಪೇಟೆ ಅಂದರೆ ನೀರಿನ ಆಚೆ ದಡ. ಹೊಳೆಬಾಗಿಲಿಗೆ ಬಂದು ಲಾಂಚ್ ಹತ್ತಬೇಕು. ಸಂಜೆಯಾದರೆ ಲಾಂಚ್ ಇಲ್ಲ. ಹೆರಿಗೆ ನೋವು ಬಂದವರೂ ಬೆಳಗಾಗುವುದನ್ನು ಕಾಯಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಇನ್ನೊಂದು ಪರದಾಟ. ಹಾಗಾಗಿ ನಮ್ಮಲ್ಲಿ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದರೆ ಅಲ್ಲಿಗೆ ಓದು ಮುಗಿಯಿತು. ಅಪ್ಪ ಕೆಟ್ಟವರಲ್ಲ. ದಿನಾ ಹೋಗಿ ಬರುವುದಕ್ಕೆ ಆಗುವುದಿಲ್ಲ, ಹಾಸ್ಟೆಲ್ಲಿಗೆ ದುಡ್ಡಿಲ್ಲ, ಅಷ್ಟೇ.

ನನ್ನ ಗೆಳತಿಯ ಅಪ್ಪ ನಮ್ಮೂರಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಸಾಗರಕ್ಕೆ ವರ್ಗ ಆಯ್ತು. ಅವಳು ಹೋದಳು. ಪ್ರತಿ ತಿಂಗಳು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಳು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಅವಳೂ ಅವಳ ಅಮ್ಮನೂ ಲಾಂಚ್ ಹತ್ತಿ ನಮ್ಮ ಮನೆಗೇ ಬಂದುಬಿಟ್ಟರು. ಅವಳ ಕೈಯಲ್ಲಿ ಪಿಯುಸಿ ಅರ್ಜಿ. ಅರ್ಧ ತುಂಬಿಸಿ ಆಗಿತ್ತು. ನನ್ನ ಹೆಸರು, ನನ್ನ ಹುಟ್ಟಿದ ತಾರೀಕು, ವಿಳಾಸದ ಜಾಗದಲ್ಲಿ ಸಾಗರದ ಅವರ ಮನೆ. ಅಪ್ಪ ಸಹಿ ಮಾಡುವ ಜಾಗ ಮಾತ್ರ ಖಾಲಿ. ಅವಳ ಅಮ್ಮ ನಮ್ಮಮ್ಮನಿಗೆ "ಎರಡು ಡಬ್ಬಿಗೆ ಮಾಡುವ ಚಿತ್ರಾನ್ನ ಮೂರು ಡಬ್ಬಿಗೆ ಮಾಡ್ತೀನಿ, ನೀವು ಯೋಚನೆ ಮಾಡ್ಬೇಡಿ" ಅಂದರು. ಅಪ್ಪ ಜಾಸ್ತಿ ಏನೂ ಮಾತಾಡಲಿಲ್ಲ. ಪೆನ್ನು ಕೇಳಿದರು.

ಎರಡು ವರ್ಷ ಅವರ ಮನೆಯಲ್ಲಿದ್ದೆ. ಅವಳದೂ ನನ್ನದೂ ಒಂದೇ ಚಾಪೆ, ಒಂದೇ ಸೀಮೆಎಣ್ಣೆ ದೀಪ, ಕರೆಂಟು ಹೋದಾಗ. ಆಮೇಲೆ ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿದೆ, ಕೆಲಸ ಸಿಕ್ಕಿತು. ನನ್ನ ತಂಗಿಯರನ್ನು ನಾನು ಓದಿಸಿದೆ. ಈಗ ನಮ್ಮ ಹೊಳೆಗೆ ಸೇತುವೆ ಆಗಿದೆ. 2025ರ ಜುಲೈ 14ಕ್ಕೆ ಅದು ಉದ್ಘಾಟನೆ ಆದ ಮೇಲೆ ನಾನೂ ಗೆಳತಿಯೂ ಅದರ ಮೇಲೆ ನಡೆದುಕೊಂಡೇ ಹೋದೆವು. ಎರಡು ಕಿಲೋಮೀಟರಿಗೂ ಉದ್ದ ಇದೆ. ಮಧ್ಯದಲ್ಲಿ ನಿಂತು ಅವಳು, "ಇದು ಆಗಲೇ ಇದ್ದಿದ್ದರೆ ನೀನು ನಮ್ಮನೇಲಿ ಇರ್ತಿರಲಿಲ್ಲ ಅಲ್ವಾ?" ಅಂತ ಕೇಳಿದಳು. ಹೌದಲ್ವಾ ಅನಿಸಿತು. ಸೇತುವೆ ಬೇಕಿತ್ತು, ಎಷ್ಟೋ ಜೀವ ಉಳಿಯುತ್ತಿತ್ತು. ಆದರೆ ಆ ಎರಡು ವರ್ಷ ನನ್ನ ಬದುಕಿನಲ್ಲಿ ಇಲ್ಲದಿದ್ದರೆ ನಾನು ಯಾರಾಗಿರುತ್ತಿದ್ದೆನೋ ಗೊತ್ತಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇನ್ನೂ ಯೋಚನೆ ಮಾಡುತ್ತಿದ್ದೇನೆ. ಮತ್ತೆ ಬರೆಯುತ್ತೇನೆ.

ಭದ್ರಾವತಿ ಹಳೇ ಕ್ವಾರ್ಟರ್ಸ್

ಟೀಚರಕ್ಕ, ಓದಿ ಕಣ್ಣು ತುಂಬಿತು.

ನನ್ನದು ಬೇರೆ ಥರ. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕ. ನಮ್ಮ ಭದ್ರಾವತಿಯಲ್ಲಿ ಆಗ ಎಲ್ಲರ ಲೆಕ್ಕ ಒಂದೇ. 1923ರಿಂದ ಕಬ್ಬಿಣ ಮಾಡುತ್ತಿದ್ದ ಕಾರ್ಖಾನೆ, ಪಕ್ಕದಲ್ಲಿ 1936ರ ಕಾಗದ ಕಾರ್ಖಾನೆ. ಇವೆರಡೂ ಇರುವ ತನಕ ನಮಗೇನು ಚಿಂತೆ? ಅಪ್ಪನ ನಂತರ ಮಗ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ನೆ ಕೂತಿದ್ದೆ, ಯಾವಾಗ ಕರೀತಾರೆ ಅಂತ.

ಕ್ರಿಕೆಟ್ ಆಡುವಾಗ ಸಿಕ್ಕ ಗೆಳೆಯ ಒಬ್ಬ ಇದ್ದ. ಆಫೀಸರ್ ಮಗ. ಅವರ ಮನೆಗೆ ಇಂಗ್ಲಿಷ್ ಪೇಪರ್ ಬರುತ್ತಿತ್ತು, ನಮ್ಮ ಮನೆಗೆ ಯಾವ ಪೇಪರೂ ಇಲ್ಲ. ಕಾರ್ಖಾನೆ ಮೊದಲಿನ ಹಾಗಿಲ್ಲ ಅಂತ ಅವನಪ್ಪ ಮನೆಯಲ್ಲಿ ಆಡಿದ ಮಾತು ಅವನ ಕಿವಿಗೆ ಬಿದ್ದಿತ್ತು. ಅವನು ಬಂದು ನನಗೆ ಹೇಳಿದ. "ಇಲ್ಲಿ ಕಾಯಬೇಡ ಕಣೋ. ಪಾಲಿಟೆಕ್ನಿಕ್ ಅರ್ಜಿ ಬಿಟ್ಟಿದ್ದಾರೆ." ಅರ್ಜಿ ಎಲ್ಲಿ ಸಿಗುತ್ತದೆ, ಜಾತಿ ಪ್ರಮಾಣಪತ್ರಕ್ಕೆ ಯಾರನ್ನು ನೋಡಬೇಕು, ಸ್ಕಾಲರ್‌ಶಿಪ್‌ಗೆ ಯಾವ ಕಾಗದ ಬೇಕು, ಇದೆಲ್ಲ ಅವನಿಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೊದಲ ಇಂಟರ್‌ವ್ಯೂಗೆ ಹೋಗುವಾಗ ತನ್ನ ಶೂ ಕೊಟ್ಟ. ಒಂದು ಸೈಜ್ ದೊಡ್ಡದು. ತುದಿಗೆ ಪೇಪರ್ ತುರುಕಿ ಹಾಕಿಕೊಂಡು ಹೋದೆ.

2015ರಲ್ಲಿ ಕಾಗದ ಕಾರ್ಖಾನೆಯಲ್ಲಿ ಕೆಲಸ ನಿಂತಾಗ ನನ್ನ ಓರಗೆಯ ಎಷ್ಟೋ ಜನ ಮನೆಯಲ್ಲಿ ಕೂತರು. ಅವರು ನನಗಿಂತ ದಡ್ಡರಲ್ಲ. ಅವರಿಗೆ ಆ ಗೆಳೆಯ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅಮೆರಿಕದಲ್ಲಿ ರಾಜ್ ಚೆಟ್ಟಿ ಎಂಬ ಅರ್ಥಶಾಸ್ತ್ರಜ್ಞರು 2022ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದ್ದಾರೆ. ಅಲ್ಲಿನ 7 ಕೋಟಿಗೂ ಹೆಚ್ಚು ಫೇಸ್‌ಬುಕ್ ಬಳಕೆದಾರರ ಸ್ನೇಹದ ಲೆಕ್ಕ ತೆಗೆದು ನೋಡಿದ್ದಾರೆ. ಬಡವರ ಮಕ್ಕಳಿಗೆ ಉಳ್ಳವರ ಮಕ್ಕಳಷ್ಟೇ ಅನುಕೂಲಸ್ಥ ಗೆಳೆಯರು ಸಿಗುವ ಊರಲ್ಲಿ ಬೆಳೆದರೆ, ದೊಡ್ಡವರಾದ ಮೇಲೆ ಅವರ ಆದಾಯ ಸರಾಸರಿ ಶೇ 20ರಷ್ಟು ಜಾಸ್ತಿ ಆಗಬಹುದು ಅನ್ನುವುದು ಅವರ ಅಂದಾಜು. ಅದು ಅವರ ದೇಶದ ಲೆಕ್ಕ. ನಮ್ಮಲ್ಲಿ ಎಷ್ಟೋ, ಆದರೆ ಓದಿದಾಗ ಆ ದೊಡ್ಡ ಸೈಜಿನ ಶೂ ಕಣ್ಣ ಮುಂದೆ ಬಂತು. ನನ್ನ ಮಕ್ಕಳು ಎಂಥವರ ಜೊತೆ ಆಡುತ್ತಾರೆ ಅಂತ ನೋಡುವುದಕ್ಕಿಂತ, ನನ್ನ ಮಕ್ಕಳು ಯಾರ ಮನೆಗೆ ಅರ್ಜಿ ಒಯ್ಯುತ್ತಾರೆ ಅಂತ ನಾನು ಈಗ ನೋಡುತ್ತೇನೆ.

ಹೊಳೆಯಾಚೆ (ಹೊಸನಗರ)

ಎಲ್ಲರೂ ಒಳ್ಳೇದೇ ಬರೆಯುತ್ತಿದ್ದೀರಿ. ಒಬ್ಬನಾದರೂ ಇನ್ನೊಂದು ಮಗ್ಗುಲು ಹೇಳಬೇಕು.

ನನಗೂ ಬಾಲ್ಯದ ಗೆಳೆಯ ಇದ್ದ. ಅವನ ಸಾಲಕ್ಕೆ ನಮ್ಮಣ್ಣ ಜಾಮೀನು ಹಾಕಿದ್ದ, ನನ್ನ ಮುಖ ನೋಡಿ. ಅವನು ಕಂತು ಕಟ್ಟಲಿಲ್ಲ, ಊರು ಬಿಟ್ಟ. ಸಾಲ ಕೊಟ್ಟ ಸಂಘದವರು ನೋಟಿಸು ಕಳಿಸಿದ್ದು ನಮ್ಮ ಮನೆಗೆ. ಅಣ್ಣ ಮಗಳ ಮದುವೆಗೆ ಇಟ್ಟಿದ್ದ ಹಣ ತೆಗೆದು ಕಟ್ಟಿದ. ನಾನೂ ಅಣ್ಣನೂ ಒಂದು ಮನೆಯಲ್ಲಿದ್ದವರು, ಈಗ ಎರಡು ಒಲೆ. ಗೆಳೆಯನಿಂದ ಬದುಕಿನ ದಾರಿ ಬದಲಾಗುತ್ತದೆ ಅನ್ನುವುದು ಸತ್ಯ. ಯಾವ ಕಡೆಗೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ.

ತೋಟದಂಚಿನವರೇ, ನಿಮ್ಮ ಗೆಳೆಯನ ಮೇಲೆ ಪ್ರೀತಿ ಇಡಿ. ಆದರೆ ನೀವು ಮಾರಬೇಡ ಅಂದು, ಅವನು ಉಳಿಸಿಕೊಂಡು, ಎರಡು ವರ್ಷದಲ್ಲಿ ತೋಟ ಪೂರ್ತಿ ಹೋದರೆ ಆ ನಷ್ಟಕ್ಕೆ ನೀವು ಜಾಮೀನು ಹಾಕುತ್ತೀರಾ? ಅದನ್ನು ಮೊದಲು ಯೋಚಿಸಿ.

ತೋಟದಂಚಿನವ

ಹೊಳೆಯಾಚೆಯವರೇ, ನಿಮಗಾದದ್ದು ಕೇಳಿ ತುಂಬ ಬೇಜಾರಾಯ್ತು. ನಿಮ್ಮ ಕೊನೇ ಪ್ರಶ್ನೆಗೆ ನನ್ನ ಹತ್ತಿರ ತಕ್ಷಣ ಉತ್ತರ ಇಲ್ಲ. ಕೇಳಿದ್ದು ಒಳ್ಳೇದಾಯ್ತು.

ಬಿಳಿ ಕೋಟು (ಶಿವಮೊಗ್ಗ)

ನಾನು ವೈದ್ಯಕೀಯ ವಿದ್ಯಾರ್ಥಿನಿ. ಸ್ನೇಹದ ವಿಷಯ ಬಂದಿದ್ದಕ್ಕೆ ನಮ್ಮ ಪಾಠದಲ್ಲಿ ಬರುವ ಎರಡು ವಿಷಯ ಹೇಳುತ್ತೇನೆ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಲ್ಲಿ 1948ರಿಂದ ಹೃದಯದ ಆರೋಗ್ಯದ ಅಧ್ಯಯನ ನಡೆಯುತ್ತಿದೆ. ಅಲ್ಲಿನ 12,067 ಜನರ ದಾಖಲೆ ಇಟ್ಟುಕೊಂಡು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಇಬ್ಬರು 2008ರಲ್ಲಿ ಒಂದು ಲೇಖನ ಬರೆದರು. ಒಬ್ಬ ಸಿಗರೇಟ್ ಬಿಟ್ಟರೆ ಅವನ ಗೆಳೆಯ ಸೇದುವ ಸಂಭವ ಶೇ 36ರಷ್ಟು ಇಳಿಯುತ್ತದೆ ಅಂತ ಅದರಲ್ಲಿದೆ. ಒಡಹುಟ್ಟಿದವರು ಬಿಟ್ಟಾಗ ಇಳಿಯುವುದು ಶೇ 25. ನೋಡಿ, ಅಣ್ಣತಮ್ಮಂದಿರಿಗಿಂತ ಗೆಳೆಯನ ಪ್ರಭಾವ ಜಾಸ್ತಿ. ಒಂದೇ ಸ್ವಭಾವದವರೇ ಗೆಳೆಯರಾಗುವುದರಿಂದ ಹೀಗೆ ಕಾಣುತ್ತದೆ ಅಂತ ಈ ಲೆಕ್ಕವನ್ನು ಟೀಕಿಸಿದವರೂ ಇದ್ದಾರೆ. ಇನ್ನೊಂದು 2010ರದ್ದು. ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನ ಒಟ್ಟು ಸೇರಿಸಿ ನೋಡಿದರು. ಸುತ್ತಮುತ್ತ ಗಟ್ಟಿಯಾದ ಸಂಬಂಧ ಇರುವವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ ಶೇ 50ರಷ್ಟು ಜಾಸ್ತಿ ಇತ್ತು.

ನಾನು ಇದನ್ನು ನಂಬುವುದು ನನ್ನ ಅಪ್ಪನನ್ನು ನೋಡಿ. ಕವಳಕ್ಕೆ (ಎಲೆಅಡಿಕೆಗೆ) ತಂಬಾಕು ಹಾಕುವುದನ್ನು ಬಿಡಿ ಅಂತ ಅಮ್ಮ ಹೇಳಿ ಸೋತಳು, ನಾನು ಚಿತ್ರ ತೋರಿಸಿ ಹೆದರಿಸಿ ಸೋತೆ. ಅವರ ಗೆಳೆಯರಿಗೆ ಬಾಯಲ್ಲಿ ಒಂದು ಬಿಳಿ ಮಚ್ಚೆ ಕಂಡು ಡಾಕ್ಟರ್ ಎಚ್ಚರಿಸಿದರು. ಅವರು ಬಿಟ್ಟರು. ಸಂಜೆ ನಮ್ಮ ಜಗಲಿಗೆ ಬಂದು ಕೂತಾಗ ಎಲೆಅಡಿಕೆ ತಬಕು ಮುಟ್ಟುತ್ತಿರಲಿಲ್ಲ. ಬಿಡು ಅಂತ ಅಪ್ಪನಿಗೆ ಹೇಳಲೂ ಇಲ್ಲ. ಒಬ್ಬರೇ ಹಾಕುವುದು ಅಪ್ಪನಿಗೆ ಸರಿ ಅನಿಸಲಿಲ್ಲ. ಕ್ರಮೇಣ ತಬಕು ಒಳಗೆ ಹೋಯಿತು.

ನಿವೃತ್ತ ಮೇಷ್ಟ್ರು

ಮಕ್ಕಳೇ, ಚೆನ್ನಾಗಿ ಬರೆಯುತ್ತಿದ್ದೀರಿ. ನಮ್ಮ ಜಿಲ್ಲೆಯದ್ದೇ ಒಂದು ಸ್ನೇಹದ ಮಾತು ಸೇರಿಸುತ್ತೇನೆ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1923ರಲ್ಲಿ ಹುಟ್ಟಿದವರು. ಸಾಹಿತಿ ಯು.ಆರ್. ಅನಂತಮೂರ್ತಿ 1932ರಲ್ಲಿ. ಇಬ್ಬರೂ ತೀರ್ಥಹಳ್ಳಿ ತಾಲೂಕಿನವರು, ಆದರೆ ಹುಟ್ಟಿದ ಜಾತಿ ಬೇರೆ, ಮನೆಯ ವಾತಾವರಣ ಬೇರೆ. ಮಠ, ಮಂತ್ರ, ಅಗ್ರಹಾರದ ನಡುವೆ ಬೆಳೆದ ಹುಡುಗನನ್ನು ಸಮಾಜವಾದದ ಕಡೆಗೆ ಎಳೆದದ್ದರಲ್ಲಿ ಗೋಪಾಲಗೌಡರ ಪಾಲು ದೊಡ್ಡದು. ಅದನ್ನು ಅನಂತಮೂರ್ತಿ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಮರುವರ್ಷ ಗೋಪಾಲಗೌಡರು ಶಾಸಕರಾದರು. 1972ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡರು. ಗೆಳೆಯ ಹೋದ ಮೇಲೂ ಅವರ ಬದುಕಿನ ನೆರಳು ಅನಂತಮೂರ್ತಿಯವರನ್ನು ಬಿಡಲಿಲ್ಲ. "ಅವಸ್ಥೆ" ಕಾದಂಬರಿಗೆ ಆ ಬದುಕೇ ಪ್ರೇರಣೆ.

ಇನ್ನು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. ಮೈಸೂರಿನಲ್ಲಿ ಓದಿ ಊರಿಗೆ ವಾಪಸ್ ಬಂದು ಅಡಿಕೆ ತೋಟದ ನಡುವೆಯೇ ನೀನಾಸಂ ನಾಟಕ ಸಂಸ್ಥೆ ಕಟ್ಟಿ ಬೆಳೆಸಿದರು. 1949ರಲ್ಲಿ ಊರಿನ ಗೆಳೆಯರು ಸೇರಿ ಶುರು ಮಾಡಿದ್ದು. 1991ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅನಂತಮೂರ್ತಿಯವರ ಹಲವು ಪುಸ್ತಕ ಸುಬ್ಬಣ್ಣನವರ ಅಕ್ಷರ ಪ್ರಕಾಶನದಿಂದಲೇ ಬಂದವು. ಒಬ್ಬರು ದೇಶ ಸುತ್ತಿದರು, ಇನ್ನೊಬ್ಬರು ಹೆಗ್ಗೋಡು ಬಿಡಲಿಲ್ಲ. ನೀನೂ ನನ್ನ ಹಾಗೆ ಇರು ಅಂತ ಯಾರೂ ಯಾರನ್ನೂ ಕಟ್ಟಿಹಾಕಲಿಲ್ಲ. ತೋಟದಂಚಿನವರೇ, ನಿಮಗೆ ನಾನು ಹೇಳಬೇಕಾದ್ದು ಇದೇ. ನಿಮ್ಮ ಗೆಳೆಯ ಶಿವಮೊಗ್ಗಕ್ಕೆ ಹೋದರೂ ನಿಮ್ಮ ಗೆಳೆಯನೇ.

ಶಿಕಾರಿಪುರದ ಸೊಸೆ

ಗಂಡಸರು ಬರೆದಿದ್ದು ಓದುವಾಗ ಒಂದು ಮಾತು ಹೇಳಬೇಕು ಅನಿಸಿತು. ನಿಮಗೆ ಐದನೇ ಕ್ಲಾಸಿನ ಗೆಳೆಯ ಹಳ್ಳದ ಆಚೆ ಸಿಗುತ್ತಾನೆ. ನಮಗೆ ಮದುವೆಯಾಗುತ್ತಲೇ ಊರು ಹೋಗುತ್ತದೆ, ಗೆಳತಿಯರೂ ಹೋಗುತ್ತಾರೆ. ನನ್ನ ಜೀವದ ಗೆಳತಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲದೆ ಎಷ್ಟೋ ವರ್ಷ ಕಳೆದೆ. ಹೋದ ಮಾರಿಜಾತ್ರೆಯಲ್ಲಿ ಸಿಕ್ಕಿದಳು, ಶಿರಸಿಯಲ್ಲಿ. ಬಳೆ ಅಂಗಡಿ ಮುಂದೆ ಹಿಂದಿನಿಂದ ಯಾರೋ ನನ್ನ ತವರಿನ ಹೆಸರು ಹಿಡಿದು ಕೂಗಿದರು. ಆ ಹೆಸರು ನನ್ನ ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲೇ ನಿಂತು ಇಬ್ಬರೂ ಅತ್ತೆವು.

ನಾನು ಹಾಡು ಹೇಳುತ್ತಿದ್ದೆ ಅನ್ನುವುದು ಅವಳಿಗೆ ನೆನಪಿತ್ತು, ನನಗೇ ಮರೆತಿತ್ತು. ಈಗ ವಾರಕ್ಕೊಂದು ಸಲ ಫೋನಿನಲ್ಲಿ ಹಾಡಿಸುತ್ತಾಳೆ. ನಮ್ಮ ಸ್ತ್ರೀಶಕ್ತಿ ಸಂಘದ ಕಾರ್ಯಕ್ರಮದಲ್ಲಿ ಹೋದ ತಿಂಗಳು ಹಾಡಿದೆ. ನಿಮ್ಮ ಮನೆಯ ಹೆಂಗಸರಿಗೆ ಅವರ ಹಳೇ ಗೆಳತಿಯರ ನಂಬರ್ ಹುಡುಕಿ ಕೊಡಿ. ಇಷ್ಟೇ ನನ್ನ ಕೋರಿಕೆ.

ಸಾಗರದ ಟೀಚರ್

ಶಿಕಾರಿಪುರದ ತಂಗಿ, ನಿನ್ನ ಮಾತು ನೂರಕ್ಕೆ ನೂರು ನಿಜ.

ತೋಟದಂಚಿನವರೇ, ನಿಮ್ಮ ಬರಹವನ್ನು ಮತ್ತೆ ಓದಿದೆ. ನಿಮ್ಮ ಗೆಳೆಯ ಅವತ್ತು ಕೊಟ್ಟಿಗೆ ಹಿಂದೆ ಏನು ಹೇಳಿದರು ನೋಡಿ. ಮಾರಬೇಡ ಅಂದರಾ? ಅನ್ನಲೇ ಇಲ್ಲ. ಅವಸರ ಬೇಡ ಅಂದರು. ಒಂದು ಕೊಯ್ಲಿನಷ್ಟು ಕಾಲ ನಿಮಗೆ ತಂದುಕೊಟ್ಟರು, ಆ ಕಾಲದಲ್ಲಿ ತಾವು ದುಡಿದರು, ಆಮೇಲೆ ಲೆಕ್ಕ ಮುಂದಿಟ್ಟು ಸುಮ್ಮನಾದರು. ಲೆಕ್ಕ ನೋಡಿ ನೀವು ಮಾರುತ್ತೇನೆ ಅಂದಿದ್ದರೂ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ನನ್ನ ಗೆಳತಿಯೂ ನನ್ನ ಪರವಾಗಿ ಸಹಿ ಹಾಕಲಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದಳು.

ನೀವು ಅವರನ್ನು ತಡೆಯಬೇಕಾ ಅಂತ ಕೇಳುತ್ತಿದ್ದೀರಿ. ಅವರು ನಿಮಗೆ ಮಾಡಿದ್ದೇ ಬೇರೆ. ಅದನ್ನೇ ನೀವು ಅವರಿಗೆ ಮಾಡಬಹುದು ಅಲ್ವಾ?

ಹೊಳೆಯಾಚೆ (ಹೊಸನಗರ)

ಇದು ಸರಿಯಾದ ಮಾತು ಟೀಚರ್. ಇದಕ್ಕೆ ಜಾಮೀನು ಬೇಕಿಲ್ಲ, ಮೈಮುರಿದು ದುಡಿದರೆ ಸಾಕು.

ಇರುವಕ್ಕಿ ಹುಡುಗ

ನಾನು ತೋಟಗಾರಿಕೆ ಓದುತ್ತಿರುವವನು. ಎಲೆಚುಕ್ಕಿ ಬಗ್ಗೆ ಎರಡು ಮಾತು. ಇದು ಶಿಲೀಂಧ್ರದಿಂದ ಬರುವ ರೋಗ. ಬೀಜಕಣ ಗಾಳಿ ಮಳೆಯಲ್ಲಿ ಹಾರಿ ಪಕ್ಕದ ತೋಟಕ್ಕೆ ಹೋಗುತ್ತದೆ. ಒಬ್ಬರು ಹೊಡೆದು ಪಕ್ಕದವರು ಬಿಟ್ಟರೆ ಪ್ರಯೋಜನ ಕಮ್ಮಿ. ಚುಕ್ಕಿ ಜಾಸ್ತಿ ಇರುವ ಕೆಳಗಿನ ಸೋಗೆ (ಅಡಿಕೆ ಗರಿ) ಕತ್ತರಿಸಿ ತೋಟದ ಹೊರಗೆ ಸುಡಬೇಕು. ಮಳೆಗಾಲದಲ್ಲಿ ಕೊಳೆಗೆ ಹೊಡೆಯುವ ಶೇ 1ರ ಬೋರ್ಡೋವನ್ನೇ ಸೋಗೆಗೂ ತಾಗುವ ಹಾಗೆ ಹೊಡೆಯಿರಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಗೊತ್ತೇ ಇದೆ. ಮಳೆ ನಿಂತ ಮೇಲೆ ಪ್ರೊಪಿಕೊನಜೋಲ್ ಲೀಟರಿಗೆ 1 ಮಿಲಿ ಹಾಕಿ ಹೊಡೆಯಬಹುದು. ಪೊಟ್ಯಾಷ್ ಕಮ್ಮಿ ಇರುವ ತೋಟದಲ್ಲಿ ರೋಗ ಜೋರು, ಹಾಗಾಗಿ ಮಣ್ಣು ಪರೀಕ್ಷೆ ಮಾಡಿಸಿ. ಕಲಸಿದ ಬೋರ್ಡೋದಲ್ಲಿ ಕತ್ತಿ ಅದ್ದಿ ನೋಡಿ, ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ.

ನಿಮ್ಮಿಬ್ಬರ ತೋಟ ಹಳ್ಳದ ಆಚೀಚೆ ಇರುವುದರಿಂದ ಇಬ್ಬರೂ ಒಂದೇ ವಾರದಲ್ಲಿ ಹೊಡೆಯಲೇಬೇಕು ಅಣ್ಣ. ಅವರ ತೋಟದ ವಿಷಯ ನಿಮ್ಮದೂ ಹೌದು.

ತೋಟದಂಚಿನವ

ಮಾತಾಡಿ ಬಂದೆ.

ನಿನ್ನೆ ಮಧ್ಯಾಹ್ನ ಹೋದೆ. ಅವನು ಮೇಲಿನ ತೋಟದಲ್ಲಿ ಬಿದ್ದ ಸೋಗೆ ಎಳೆಯುತ್ತಿದ್ದ. ನಾನೂ ಎಳೆದೆ. ಸುಮಾರು ಹೊತ್ತು ಏನೂ ಮಾತಿಲ್ಲ. ಆಮೇಲೆ, ಮಾರಬೇಡ ಅಂತ ಹೇಳಲು ಬಂದಿಲ್ಲ ಕಣೋ, ಯಾಕೆ ಮಾರ್ತೀಯ ಅಂತ ಕೇಳೋಕೆ ಬಂದೆ ಅಂದೆ. ಒಂದು ಸೋಗೆ ಮೇಲೆ ಕೂತು ಎಲ್ಲ ಹೇಳಿದ. ಎಲೆಚುಕ್ಕಿ ನೆಪ. ಅವನ ಮೊಣಕಾಲು ಸವೆದಿದೆ, ದರೆಯ ಏರು ಹತ್ತಿ ಇಳಿಯಲು ಆಗುತ್ತಿಲ್ಲ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ಫೀಸು ಕಟ್ಟಬೇಕು. ಮೊಣಕಾಲಿನ ವಿಷಯ ಅವನು ಹೆಂಡತಿಗೂ ಪೂರ್ತಿ ಹೇಳಿಲ್ಲ. ಇಷ್ಟು ವರ್ಷ ದಿನಾ ನೋಡಿದ ನನ್ನ ಹತ್ತಿರವೂ ಹೇಳಿರಲಿಲ್ಲ. ನನ್ನನ್ನು ಸಂಕ ದಾಟಿಸಿದವನು ತನಗೆ ನಡೆಯಲು ಆಗುತ್ತಿಲ್ಲ ಅಂತ ಹೇಗೆ ಹೇಳುತ್ತಾನೆ?

ಅವನು ನನಗೆ ಹೇಳಿದ ಮಾತನ್ನೇ ಅವನಿಗೆ ಹೇಳಿದೆ. ಕೊಯ್ಲು ಮುಗಿಯುವವರೆಗೆ ತೋಟ ನಾನು ನೋಡಿಕೊಳ್ಳುತ್ತೇನೆ, ಆಮೇಲೆ ಕೂತು ಲೆಕ್ಕ ಹಾಕೋಣ. ಒಪ್ಪಿದ. ಒಂದು ಷರತ್ತು ಹಾಕಿದ. ನನ್ನ ದಿನಗಳನ್ನೂ ಬರೆದಿಡಬೇಕಂತೆ. ಈಗ ಅವನಿಂದ ದುಡಿದು ತೀರಿಸಲು ಆಗುವುದಿಲ್ಲ, ಹಾಗಾಗಿ ನಮ್ಮ ಅಡಿಕೆ ಮಂಡಿ ವ್ಯವಹಾರ, ಬ್ಯಾಂಕಿನ ಓಡಾಟ, ಆಳುಗಳ ಲೆಕ್ಕ ಎಲ್ಲ ಅವನು ಕೂತಲ್ಲೇ ಮಾಡುತ್ತಾನಂತೆ. ಆಗಲಿ ಅಂದೆ. ಅದರಲ್ಲಿ ಅವನು ನನಗಿಂತ ಜೋರು.

ಲೆಕ್ಕ ಮುಗಿದ ಮೇಲೆ ಮೇಲಿನ ತೋಟ ಮಾರಿ, ದರೆ ಹತ್ತುವ ಕಷ್ಟ ಇಲ್ಲದ ಕೆಳಗಿನದ್ದು ಇಟ್ಟುಕೊಳ್ಳುವ ಯೋಚನೆ ಅವನಿಗಿದೆ. ಪೂರ್ತಿ ಮಾರಿದರೂ ಮಾರಬಹುದು. ಅದು ಅವನಿಗೆ ಬಿಟ್ಟದ್ದು. ಮೇಷ್ಟ್ರು ಹೇಳಿದ ಹಾಗೆ ಅವನು ಶಿವಮೊಗ್ಗಕ್ಕೆ ಹೋದರೆ ನಾನು ವಾರಕ್ಕೊಮ್ಮೆ ಬಸ್ಸು ಹತ್ತುತ್ತೇನೆ. ಮೊಣಕಾಲಿಗೆ ಡಾಕ್ಟರ್ ಹತ್ತಿರ ಹೋಗುವುದು ಸೋಮವಾರ ಅಂತ ನಿಕ್ಕಿ ಆಗಿದೆ. ಅವನ ಹೆಂಡತಿಯನ್ನೂ ಕರೆದುಕೊಂಡು ಹೋಗುತ್ತೇವೆ, ಅವರಿಗೂ ಗೊತ್ತಾಗಲಿ.

ಎಲ್ಲರಿಗೂ ಕೈ ಮುಗಿಯುತ್ತೇನೆ. ಹೊಳೆಯಾಚೆಯವರಿಗೆ ವಿಶೇಷವಾಗಿ. ನಿಮ್ಮ ಪ್ರಶ್ನೆ ಇಲ್ಲದಿದ್ದರೆ ನಾನು ಹೋಗಿ ನೇರ ಮಾರಬೇಡ ಅಂತಲೇ ಹೇಳಿಬಿಡುತ್ತಿದ್ದೆ.

ಈಗ ಒಂದು ಸಹಾಯ ಬೇಕು. ಎರಡೂ ತೋಟಕ್ಕೆ ಒಟ್ಟಿಗೆ ಔಷಧಿ ಹೊಡೆಯಬೇಕು. ನಮ್ಮ ಕಡೆಯ ಕೊನೆಗಾರರು ಯಾರೂ ಸಿಗುತ್ತಿಲ್ಲ. ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದಿಂದಲೇ ಹೊಡೆಯುವವರು ಯಾರಾದರೂ ಗೊತ್ತಿದ್ದರೆ ಹೇಳಿ.

ನಗರ ಹೋಬಳಿಯವ

ನಮ್ಮ ಊರಿನ ಹುಡುಗರ ತಂಡ ಇದೆ ಅಣ್ಣ. ಕಾರ್ಬನ್ ಫೈಬರ್ ದೋಟಿ, ಪಂಪು, ಪೈಪು ಎಲ್ಲ ಅವರದ್ದೇ. ಮೈಲುತುತ್ತ, ಸುಣ್ಣ ನೀವು ತಂದಿಟ್ಟರೆ ಸಾಕು. ಈ ವಾರ ನಿಟ್ಟೂರು ಕಡೆ ಒಪ್ಪಿಕೊಂಡಿದ್ದಾರೆ. ಅದು ಮುಗಿದ ಮೇಲೆ ನಿಮ್ಮಲ್ಲಿಗೆ ಕಳಿಸುತ್ತೇನೆ.

ತೋಟದಂಚಿನವ

ಕಳಿಸಿ ತಮ್ಮ. ಊಟ ನಮ್ಮ ಮನೆಯಲ್ಲೇ. ಮೊದಲು ಹಳ್ಳದ ಆಚೆ ಶುರು ಮಾಡಲಿ.